ಆಲಿಸುವಿಕೆ: ಒಂದು ವಿವೇಚನೆ

ಕನ್ನಡದ ‘ಕೇಳು’ ಎಂಬ ಒಂದೇ ಧಾತುವಿಗೆ ಮೂರು ಅರ್ಥಗಳುಂಟು. ಕಿವಿಗೆ ಬಿದ್ದುದನ್ನು ಗ್ರಹಿಸುವುದು ಒಂದು; ತಿಳಿಯದುದನ್ನು ಪ್ರಶ್ನಿಸುವುದು ಇನ್ನೊಂದು; ಹೇಳಿದ ಮಾತಿಗೆ ಮನ್ನಣೆಯಿತ್ತು ನಡೆಯುವುದು ಮೂರನೆಯದು. ಈ ಮೂರೂ ಕೂಡಿದಾಗಲೇ ಸಂಭಾಷಣೆ ಸಾರ್ಥಕವೆನಿಸುತ್ತದೆ. ಇಂದು ಮನೆಯಲ್ಲಾಗಲಿ ಸಭೆಯಲ್ಲಾಗಲಿ ಮಾತಿಗೆ ಬರವಿಲ್ಲ, ಬರವಿರುವುದು ಕೇಳುವವರಿಗೆ. ಇದರ ಕಾರಣಗಳನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದೋಷವು ಕಿವಿಯದಲ್ಲವೆಂಬುದನ್ನು ಮೊದಲು ಗಮನಿಸಬೇಕು. ರಾಮದುರ್ಗ ಸೀಮೆಯ ಅನುಭವಿ ನೇಕಾರನು ಮಗ್ಗದ ಸಪ್ಪಳ ತುಸು ಬದಲಾದರೂ ಒಡನೆಯೇ ಕೈ ತಡೆಯುತ್ತಾನೆ. ಅದೇ ಮನುಷ್ಯನು ಸಂಜೆ ಮೊಮ್ಮಗನ ಮಾತಿಗೆ ಬರಿದೆ ಹೂಂಗುಟ್ಟಬಹುದು. ಆಲಿಸುವ ಶಕ್ತಿ ಅಳಿದಿಲ್ಲ; ಅದನ್ನು ಎಲ್ಲಿ ವಿನಿಯೋಗಿಸಬೇಕೆಂಬ ವಿವೇಕ ಮಸುಳಿದೆ.

ಮೊದಲನೆಯ ಕಾರಣ ಮನಸ್ಸಿನ ವೇಗ. ಅಮೆರಿಕೆಯ ಮಿನೆಸೋಟ ವಿಶ್ವವಿದ್ಯಾಲಯದ ರಾಲ್ಫ್ ನಿಕೋಲ್ಸ್ ಅವರು 1957ರಲ್ಲಿ ತಿಳಿಸಿದಂತೆ, ಅಲ್ಲಿಯ ಸಾಮಾನ್ಯ ಮಾತು ನಿಮಿಷಕ್ಕೆ ಸುಮಾರು 125 ಶಬ್ದಗಳಷ್ಟು ಸಾಗುತ್ತದೆ; ಆಲೋಚನೆಯ ಓಟ ಅದಕ್ಕಿಂತ ಬಹಳ ಹೆಚ್ಚಿನದು. ಉಳಿದ ಅವಕಾಶದಲ್ಲಿ ಮನಸ್ಸು ಅಲೆಯತೊಡಗುತ್ತದೆ, ಇಲ್ಲವೆ ತನ್ನ ಉತ್ತರವನ್ನು ಹೊಸೆಯುತ್ತದೆ. ಆದುದರಿಂದಲೇ ಕೇಳಿದ ಮರುಗಳಿಗೆಯಲ್ಲಿಯೂ ಅರ್ಧದಷ್ಟು ಮಾತ್ರ ನೆನಪಿನಲ್ಲಿ ನಿಲ್ಲುತ್ತದೆಂದು ಅವರು ಕಂಡುಕೊಂಡರು.

ಎರಡನೆಯದು ಅವಧಾನದ ಮಿತಿ. ಸವದತ್ತಿಯ ಎಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಸಾವಿರಾರು ಕಂಠಗಳ ನಡುವೆಯೂ ಜೊತೆಗಾರನ ಮಾತನ್ನು ಹಿಡಿಯಬಲ್ಲೆವು. ಆದರೆ ಅದಕ್ಕಾಗಿ ಉಳಿದುದನ್ನೆಲ್ಲ ಬಿಡಬೇಕಾಗುತ್ತದೆ. 1953ರಲ್ಲಿ ಇಂಗ್ಲೆಂಡಿನ ಕಾಲಿನ್ ಚೆರ್ರಿ ಅವರು ಎರಡು ಕಿವಿಗಳಿಗೆ ಬೇರೆ ಬೇರೆ ಮಾತು ಕೇಳಿಸಿ ಪರೀಕ್ಷಿಸಿದರು. ಒಂದು ಕಿವಿಯ ಮಾತನ್ನು ಒಡನೊಡನೆ ಪುನರುಚ್ಚರಿಸುತ್ತಿದ್ದವರು, ಇನ್ನೊಂದು ಕಿವಿಯಲ್ಲಿ ಇಂಗ್ಲಿಷ್ ಹೋಗಿ ಜರ್ಮನ್ ಭಾಷೆ ಬಂದುದನ್ನೂ ಅರಿಯಲಿಲ್ಲ. ಹೀಗಿರುವಾಗ ಕೈಯಲ್ಲಿ ಮೊಬೈಲು ಹಿಡಿದು, ‘ನೀನು ಹೇಳು, ಕೇಳುತ್ತಿದ್ದೇನೆ’ ಎನ್ನುವುದು ಆತ್ಮವಂಚನೆಯೇ ಸರಿ.

ಮೂರನೆಯದು ಎಲ್ಲಕ್ಕಿಂತ ಕಠಿಣವಾದುದು; ಅದು ಪೂರ್ವನಿರ್ಣಯ. ಅಧಿಕಾರವು ಇದರೊಡನೆ ಸೇರಿದರೆ ಏನಾಗುತ್ತದೆಂಬುದಕ್ಕೆ ಕಿತ್ತೂರೇ ಸಾಕ್ಷಿ. 1824ರಲ್ಲಿ ಶಿವಲಿಂಗರುದ್ರಸರ್ಜ ದೊರೆಯು ಸಂತಾನವಿಲ್ಲದೆ ತೀರಿಕೊಂಡಾಗ, ಧಾರವಾಡದ ಕಲೆಕ್ಟರ ಥ್ಯಾಕರೆಯು ದತ್ತಕವನ್ನು ಶಂಕಿಸಿ ಅಂಗೀಕರಿಸಲಿಲ್ಲ. ರಾಣಿ ಚೆನ್ನಮ್ಮನ ಅಹವಾಲು ಕಂಪನಿಯವರ ಕಿವಿಯನ್ನು ಮುಟ್ಟಿತು, ಮನಸ್ಸನ್ನು ಮುಟ್ಟಲಿಲ್ಲ. ಅವರಿಗೆ ‘ಕೇಳು’ ಎಂದರೆ ‘ನಾವು ಹೇಳಿದಂತೆ ಕೇಳು’ ಎಂಬುದೊಂದೇ ಅರ್ಥ. ಅಕ್ಟೋಬರ್ 23ರಂದು ಕೋಟೆಯೆದುರು ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣು ಮುಚ್ಚಿದಳು. ಅಂದು ಕಿತ್ತೂರಿನಲ್ಲಿ ಸೆರೆಸಿಕ್ಕು ಜೀವಸಹಿತ ಬಿಡುಗಡೆಯಾದ ವಾಲ್ಟರ್ ಎಲಿಯಟ್ ಮುಂದೆ ಈ ನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದನು. ಪರರ ನಾಡಿನ ಮಾತಿಗೆ ಕಿವಿಗೊಡುವುದು ಅಸಾಧ್ಯವೇನೂ ಆಗಿರಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಇದಕ್ಕೆ ಪರಿಹಾರ ನಮ್ಮ ಶಾಸ್ತ್ರಪದ್ಧತಿಯಲ್ಲಿಯೇ ಇದೆ. ಸಿದ್ಧಾಂತವನ್ನು ಸ್ಥಾಪಿಸುವ ಮುನ್ನ ಎದುರಾಳಿಯ ವಾದವನ್ನು ಪೂರ್ವಪಕ್ಷವಾಗಿ ನಿರೂಪಿಸಬೇಕೆಂಬುದು ಅದರ ಕ್ರಮ. ‘ನೀವು ಹೇಳಿದ್ದು ಹೀಗಲ್ಲವೆ?’ ಎಂದು ಮೊದಲು ವಿಚಾರಿಸಿ, ಅವರು ಹೌದೆಂದ ಮೇಲೆ ಉತ್ತರ ಕೊಡುವುದನ್ನು ಮನೆಯಲ್ಲಿಯೇ ಆರಂಭಿಸಬಹುದು. ಇದರಿಂದ ಅಲೆಯುವ ಮನಸ್ಸಿಗೆ ಕೆಲಸ ದೊರೆಯುತ್ತದೆ, ಅವಧಾನ ಒಂದೆಡೆ ನಿಲ್ಲುತ್ತದೆ, ಪೂರ್ವನಿರ್ಣಯಕ್ಕೆ ತಡೆ ಬೀಳುತ್ತದೆ.

ಶ್ರಾವಣಮಾಸದಲ್ಲಿ ಊರೂರ ಮಠಗಳಲ್ಲಿ ಪುರಾಣಶ್ರವಣ ನಡೆಯುತ್ತದೆ. ತಿಂಗಳಿಡೀ ಪುರಾಣವನ್ನು ಭಕ್ತಿಯಿಂದ ಆಲಿಸಿದವನು ಮನೆಗೆ ಬಂದು ಹೆಂಡತಿಯ ಮಾತನ್ನು ನಡುವೆ ಕಡಿದರೆ ಆ ಶ್ರವಣ ಅಲ್ಲಿಗೇ ನಿಂತಂತೆ. ಕನ್ನಡಿಗನು ಕಿವಿಯನ್ನು ‘ಕೊಡುತ್ತಾನೆ’, ಕೊಡುವುದೆಂದರೆ ದಾನ. ಹಣ ಖರ್ಚಾಗದ ಈ ದಾನವನ್ನಾದರೂ ನಾವು ಜಿಪುಣತನವಿಲ್ಲದೆ ಮಾಡಬೇಡವೆ?