ಇಬ್ಬನಿ ಎಷ್ಟು ಹೊತ್ತು ನಿಂತಿತು?

ನಿಡಸೋಸಿ ಕಡೆ ಮಳೆ ಬಿಟ್ಟು ಆಕಾಶ ತಿಳಿಯಾದ ಮೇಲೆ, ಒಂದು ನಸುಕಿನಲ್ಲಿ ಬರಿಗಾಲಲ್ಲಿ ಲಾನ್ ಮೇಲೆ, ಅಂದರೆ ಕತ್ತರಿಸಿ ಬೆಳೆಸಿದ ಹುಲ್ಲುಹಾಸಿನ ಮೇಲೆ, ನಡೆದು ನೋಡಿ. ಕಾಲು ತೊಯ್ಯುತ್ತದೆ. ಪಕ್ಕದ ಬೇವಿನ ಮರದ ಕೆಳಗಿನ ಹುಲ್ಲು ಮಾತ್ರ ಹೆಚ್ಚುಕಡಿಮೆ ಒಣಗಿಯೇ ಇರುತ್ತದೆ. ಯಾಕೆ?

ಇಬ್ಬನಿ ಬಿತ್ತು ಎನ್ನುತ್ತೇವೆ. ಆದರೆ ಮೇಲಿಂದ ಏನೂ ಬೀಳುವುದಿಲ್ಲ. ಹೊತ್ತು ಮುಳುಗಿದ ಮೇಲೆ ಎಲೆ ತನ್ನ ಬಿಸಿಯನ್ನು ತೆರೆದ ಆಕಾಶಕ್ಕೆ ಬಿಟ್ಟು, ಗಾಳಿಗಿಂತ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯ ಆವಿ ಹನಿಯಾಗುತ್ತದೆ. ತಣ್ಣೀರಿನ ತಂಬಿಗೆಯ ಹೊರಮೈ ಬೆವರುವುದೂ ಹೀಗೆಯೇ. ಆವಿ ಹನಿಯಾಗತೊಡಗುವ ಉಷ್ಣತೆಗೆ ಡ್ಯೂ ಪಾಯಿಂಟ್, ಅಂದರೆ ಇಬ್ಬನಿ ಬಿಂದು ಎಂದು ಹೆಸರು. ಮೇಲೆ ಮರವೋ ಮೋಡವೋ ಇದ್ದರೆ ಎಲೆಗೆ ಕೌದಿ ಹೊದಿಸಿದಂತೆ. ಅದು ಅಷ್ಟು ತಣ್ಣಗಾಗದು.

ಎಲೆಯ ತುದಿಯಲ್ಲಿ ನಿಂತ ದಪ್ಪ ಹನಿ ಬೇರೆ. ಅದು ಬೇರು ಎತ್ತಿ ಎಲೆ ಹೊರಹಾಕಿದ ನೀರು, ಗಟೇಶನ್. ಅದರಲ್ಲಿನ ಸಕ್ಕರೆ, ಲವಣ ಶಿಲೀಂಧ್ರಕ್ಕೆ, ಅಂದರೆ ಬೂಷ್ಟಿನ ಜಾತಿಯ ಜೀವಿಗೆ, ಆಹಾರ.

ಇಬ್ಬನಿಯಿಂದಲೇ ರೋಗ ಬರುತ್ತದೆಯೇ? ಇಲ್ಲ. ಶಿಲೀಂಧ್ರದ ಕಣ ಮೊಳೆಯಲು ಎಲೆ ಎಷ್ಟು ಹೊತ್ತು ಒದ್ದೆ ಇತ್ತು ಎಂಬುದು ಮುಖ್ಯ. ಸೋಯಾ ತುಕ್ಕು ರೋಗಕ್ಕೆ 18ರಿಂದ 26 ಡಿಗ್ರಿ ಹವೆಯಲ್ಲಿ ಸುಮಾರು 6 ಗಂಟೆ ಒದ್ದೆ ಸಾಕು. ಲಾನ್‌ನಲ್ಲಿ ನಾಣ್ಯದಗಲದ ಒಣಹುಲ್ಲಿನ ಬಣ್ಣದ ಮಚ್ಚೆ ಕಂಡರೆ ಅದು ಡಾಲರ್ ಸ್ಪಾಟ್ ಇರಬಹುದು. ನಸುಕಿನಲ್ಲಿ ಮಚ್ಚೆಯ ಮೇಲೆ ಜೇಡರ ಬಲೆಯಂಥ ಬಿಳಿ ಎಳೆ ಕಾಣುತ್ತದೆ. ಇಬ್ಬನಿ ಆರಿದರೆ ಅದೂ ಕಾಣದು. ಬೂದಿ ರೋಗದ ಲೆಕ್ಕ ಬೇರೆ: ಅದಕ್ಕೆ ಎಲೆಯ ಮೇಲೆ ನೀರು ನಿಲ್ಲಬೇಕಿಲ್ಲ.

ಹಾಗಾದರೆ ಏನು ಮಾಡಬೇಕು? ಲಾನ್‌ಗೆ ಸಂಜೆ ನೀರು ಹಾಯಿಸಬೇಡಿ. ಒದ್ದೆಯ ಹೊತ್ತು ಇನ್ನೂ ಬೆಳೆಯುತ್ತದೆ. ನಸುಕಿನಲ್ಲಿ ಹಾಯಿಸಿ, ಆಗ ಎಲೆ ಹೇಗೂ ಒದ್ದೆ ಇರುತ್ತದೆ, ತುದಿಯ ಸಿಹಿ ಹನಿಯೂ ತೊಳೆದುಹೋಗುತ್ತದೆ. ನೀರು ಹಾಯಿಸದ ದಿನ ಇಬ್ಬರು ಹಗ್ಗದ ಎರಡು ತುದಿ ಹಿಡಿದು ಹುಲ್ಲಿನ ಮೇಲೆ ಎಳೆದುಕೊಂಡು ನಡೆಯಿರಿ. ಹನಿ ಉದುರಿ ಎಲೆ ಬೇಗ ಆರುತ್ತದೆ. ಹೊಲದಲ್ಲಿ ಬೆಳೆ ಒದ್ದೆ ಇರುವಾಗ ಒಳಗೆ ಇಳಿಯಬೇಡಿ. ಬಟ್ಟೆಗೆ ಅಂಟಿ ರೋಗ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಔಷಧಿಯನ್ನೂ ಎಲೆ ಆರಿದ ಮೇಲೆಯೇ ಸಿಂಪಡಿಸಿ.

ಖರ್ಚು? ಇಷ್ಟಕ್ಕೆ ಮನೆಯಲ್ಲಿರುವ ಹಗ್ಗವೇ ಸಾಕು. ಸೋಯಾ ಬಿತ್ತುವವರು ಧಾರವಾಡ ಕೃಷಿ ವಿಶ್ವವಿದ್ಯಾಲಯದ ತುಕ್ಕು ತಾಳುವ ಡಿಎಸ್‌ಬಿ 21 ತಳಿಯ ಬೀಜ ಕೇಳಿದರೆ ಸಿಂಪಡಣೆಯ ಖರ್ಚೂ ಇಳಿಯುತ್ತದೆ.

ಸಲಹೆಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಕಿಸಾನ್ ಕಾಲ್ ಸೆಂಟರ್‌ನ ಉಚಿತ ಸಂಖ್ಯೆ 1800-180-1551. ಹೋಗುವಾಗ ರೋಗದ ಎಲೆಯನ್ನು ಪ್ಲಾಸ್ಟಿಕ್ ಬಿಟ್ಟು ಕಾಗದದಲ್ಲಿ ಸುತ್ತಿಕೊಳ್ಳಿ. ಎಲೆ ರಾತ್ರಿ ಎಷ್ಟಕ್ಕೆ ಒದ್ದೆಯಾಯಿತು, ಬೆಳಿಗ್ಗೆ ಎಷ್ಟಕ್ಕೆ ಆರಿತು ಎಂಬುದನ್ನು ಅದೇ ಕಾಗದದ ಮೇಲೆ ಬರೆದುಕೊಳ್ಳಿ.