ನಾಲ್ಕು ಚಕ್ರಕ್ಕೂ ಸಮಪಾಲು

1927ರ ಡಿಸೆಂಬರಿನಲ್ಲಿ ಫೋರ್ಡ್ ಕಂಪನಿ ‘ಮಾಡೆಲ್ ಎ’ ಕಾರನ್ನು ಜನರ ಮುಂದಿಟ್ಟಾಗ ಅದರ ನಾಲ್ಕೂ ಚಕ್ರಗಳಿಗೆ ಬ್ರೇಕು ಇತ್ತು. ಅದಕ್ಕೂ ಹಿಂದಿನ ‘ಮಾಡೆಲ್ ಟಿ’ಗೆ ಮುಂದಿನ ಚಕ್ರಗಳಲ್ಲಿ ಬ್ರೇಕೇ ಇರಲಿಲ್ಲ. ಪೆಡಲ್ ತುಳಿದರೆ ಗೇರ್‌ಬಾಕ್ಸಿನೊಳಗಿನ ಪಟ್ಟಿಯೊಂದು ಬಿಗಿಯುತ್ತಿತ್ತು, ಅಷ್ಟೆ. ಓಡುವ ಗಾಡಿಯನ್ನು ತಡೆದಾಗ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಚಕ್ರಗಳ ಮೇಲೆಯೇ ಬೀಳುತ್ತದೆ. ಹಾಗೆ ನೋಡಿದರೆ ಮಾಡೆಲ್ ಎ ದೊಡ್ಡ ಹೆಜ್ಜೆಯನ್ನೇ ಇಟ್ಟಿತ್ತು.

ಅದರ ಮುಂದಿನ ಬ್ರೇಕನ್ನು ಬಿಚ್ಚಿ ನೋಡಿದವರಿಗೆ ಅದನ್ನು ರೂಪಿಸಿದವರ ಮೇಲೆ ಗೌರವ ಹುಟ್ಟದೆ ಇರದು. ಚಕ್ರ ತಿರುಗಲು ಆಧಾರವಾದ ಕಿಂಗ್‌ಪಿನ್ ಒಳಗೆ ಟೊಳ್ಳು. ಪೆಡಲಿನಿಂದ ಬಂದ ಕಬ್ಬಿಣದ ರಾಡು ಕಿಂಗ್‌ಪಿನ್ನಿನ ಮೇಲಿರುವ ತೋಳನ್ನು ಎಳೆಯುತ್ತದೆ. ತೋಳು ಆ ಟೊಳ್ಳಿನೊಳಗಿನ ಸರಳನ್ನು ಕೆಳಕ್ಕೆ ಒತ್ತುತ್ತದೆ. ಸರಳು ಬ್ರೇಕ್ ಶೂಗಳನ್ನು ಅಗಲಿಸಿ ಚಕ್ರದ ಡ್ರಮ್ಮಿಗೆ ಒತ್ತುತ್ತದೆ. ಚಕ್ರ ಎತ್ತ ತಿರುಗಿದ್ದರೂ ಒತ್ತುವ ಜಾಗ ಬದಲಾಗುವುದಿಲ್ಲ.

ಹೀಗಿದ್ದೂ ಎರಡನೇ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದ ಹುಡುಗರು ಈ ಕಾರುಗಳ ಮುಂದಿನ ಆಕ್ಸಲ್‌ಗೆ 1939ರಿಂದ 1948ರವರೆಗಿನ ಫೋರ್ಡ್‌ಗಳ ಹೈಡ್ರಾಲಿಕ್ ಬ್ರೇಕುಗಳನ್ನು ಕೂರಿಸತೊಡಗಿದರು. ಇಂದಿಗೂ ಹಳೆಕಾರು ದುರಸ್ತಿಯ ಲೋಕದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಮಾರ್ಪಾಡುಗಳಲ್ಲಿ ಇದೂ ಒಂದು. ಹಳೆ ಬ್ರೇಕಿಗೆ ಶಕ್ತಿ ಸಾಲದು, ಅದಕ್ಕೇ ಬದಲಿಸುತ್ತಾರೆ ಎಂಬ ಮಾತು ಸಾಮಾನ್ಯ. ಅದು ಪೂರ್ತಿ ನಿಜವಲ್ಲ. ಚೆನ್ನಾಗಿ ಹೊಂದಿಸಿದ ರಾಡಿನ ಬ್ರೇಕು ಚಕ್ರವನ್ನು ಹಿಡಿದು ನಿಲ್ಲಿಸಬಲ್ಲದು. ಕೊರತೆ ಇರುವುದು ಸಮತೆಯಲ್ಲಿ. ಮಾಡೆಲ್ ಎಯಲ್ಲಿ ನಾಲ್ಕು ಚಕ್ರಗಳ ಎಳೆತವನ್ನು ತಾನಾಗಿ ಸರಿದೂಗಿಸುವ ಏರ್ಪಾಡಿಲ್ಲ. ಪಿನ್ನುಗಳು ಸವೆದಂತೆ, ಬುಷ್‌ಗಳು ಸಡಿಲವಾದಂತೆ ಒಂದೊಂದು ಚಕ್ರದ ಹಿಡಿತ ಒಂದೊಂದು ಬಗೆಯಾಗುತ್ತದೆ. ತೇರಿನ ಹಗ್ಗವನ್ನು ಒಂದೇ ಕಡೆಯವರು ಜಗ್ಗಿದ ಹಾಗೆ, ಬ್ರೇಕು ಹಾಕಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ.

ದ್ರವಕ್ಕೆ ಈ ಪಕ್ಷಪಾತವಿಲ್ಲ. ಮುಚ್ಚಿದ ಕೊಳವೆಯಲ್ಲಿ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ ಎಂಬ ಪಾಸ್ಕಲ್‌ನ ನಿಯಮವೇ ಇಲ್ಲಿ ದುಡಿಯುತ್ತದೆ. ವಿಮಾನ ಕಂಪನಿಯಿಂದ ಹೆಸರಾದ ಲಾಕ್‌ಹೀಡ್ ಸೋದರರಲ್ಲಿ ಒಬ್ಬನಾದ ಮಾಲ್ಕಮ್ ಇದನ್ನು ಕಾರಿನ ಬ್ರೇಕಿಗೆ ಅಳವಡಿಸಿದ. 1921ರಲ್ಲಿ ಡ್ಯೂಸೆನ್‌ಬರ್ಗ್, 1924ರಲ್ಲಿ ಕ್ರೈಸ್ಲರ್ ಹೈಡ್ರಾಲಿಕ್ ಬ್ರೇಕನ್ನು ತಂದವು. 1936ರ ಷೆವರ್ಲೆಗೂ ಅದು ಬಂತು. ಫೋರ್ಡ್ ಮಾತ್ರ ಪೆಡಲಿನಿಂದ ಚಕ್ರದವರೆಗೆ ಉಕ್ಕಿನ ಭದ್ರತೆ ಎಂದು ಜಾಹೀರಾತು ಕೊಡುತ್ತ 1939ರವರೆಗೂ ರಾಡನ್ನು ಬಿಡಲಿಲ್ಲ.

ಹತ್ತು ವರ್ಷ ಈಚಿನ ಭಾಗ ಹಳೆಯ ಆಕ್ಸಲ್‌ಗೆ ಹೊಂದುವುದು ಫೋರ್ಡ್‌ನ ಹಳೆ ಅಳತೆಗಳ ಪುಣ್ಯ. ಆಕ್ಸಲ್ ಅದೇ ಬಗೆಯದು, ಅಡ್ಡಪಟ್ಟಿಯ ಸ್ಪ್ರಿಂಗೂ ಅದೇ ಬಗೆಯದು. 11 ಇಂಚಿನ ಡ್ರಮ್ಮಿನ ಜಾಗಕ್ಕೆ 12 ಇಂಚಿನದು ಬರುತ್ತದೆ. ಸಾಮಾನ್ಯವಾಗಿ ಸ್ಟಬ್ ಆಕ್ಸಲ್, ಬ್ಯಾಕ್ ಪ್ಲೇಟ್, ಡ್ರಮ್ ಮೂರನ್ನೂ ಒಟ್ಟಿಗೆ ಬದಲಿಸುತ್ತಾರೆ. 1939ರ ಡ್ರಮ್ ತಂದವರು ಪೇಚಿಗೆ ಸಿಲುಕುತ್ತಾರೆ, ಏಕೆಂದರೆ ಅದರ ಬೋಲ್ಟುಗಳು ಬಹಳ ಅಗಲಕ್ಕೆ ಹರಡಿವೆ. 1940ರಿಂದ ಈಚಿನದಾದರೆ ಐದು ಬೋಲ್ಟು, ಐದೂವರೆ ಇಂಚಿನ ವೃತ್ತ. ಮಾಡೆಲ್ ಎ ಚಕ್ರಕ್ಕೆ ಸರಿಹೊಂದುತ್ತದೆ. ಆದರೂ ಹಳೆಯ ಕಡ್ಡಿಚಕ್ರಕ್ಕೆ ಹೊಸ ಡ್ರಮ್ಮಿನ ಮುಖದ ಆಸರೆ ಸಾಲದು. ನಡುವೆ ಉಕ್ಕಿನ ಬಳೆ ಕೊಡದೆ ಬಿಗಿದರೆ ಚಕ್ರದ ನಡುಭಾಗ ಬಾಗುತ್ತದೆ. ಆ ಬಳೆಗೆ ಹೆಚ್ಚು ಬೆಲೆಯಿಲ್ಲ. ಅದನ್ನು ಬಿಟ್ಟು ಕೆಲಸ ಮುಗಿಸುವುದು ಅಕ್ಷಮ್ಯ.

ತಾಳ್ಮೆ ಬೇಕಾಗುವುದು ಶೂ ಹೊಂದಿಸುವಾಗ. ಈ ಬ್ರೇಕಿನ ಎರಡೂ ಶೂಗಳಿಗೆ ಕೆಳಗೆ ಬೇರೆ ಬೇರೆ ಪಿನ್ನು. ಶೂವಿನ ಬಾಗು ಡ್ರಮ್ಮಿನ ಬಾಗಿಗೆ ಕೂಡುವಂತೆ ಲೈನರನ್ನು ಉಜ್ಜಬೇಕು, ಬಳಿಕ ಪಿನ್ನು ತಿರುಗಿಸಿ ನಡುವಿಗೆ ತರಬೇಕು. ಇದನ್ನು ಮಾಡದೆ ಕೂರಿಸಿದರೆ ಲೈನರಿನ ಒಂದು ತುಣುಕಷ್ಟೇ ಡ್ರಮ್ಮನ್ನು ಮುಟ್ಟುತ್ತದೆ. ಆಮೇಲೆ ಜನ ಬ್ರೇಕನ್ನು ಬೈಯುತ್ತಾರೆ. ಹಳೆಯ ಲೈನರಿನ ಧೂಳಿನಲ್ಲಿ ಕಲ್ನಾರು ಇರುತ್ತದೆ. ಅದನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಮಾಡಿ ಒರೆಸಿ ತೆಗೆಯಬೇಕು.

ಪೆಡಲಿನ ಒತ್ತನ್ನು ದ್ರವಕ್ಕೆ ದಾಟಿಸುವ, ಒಂದೇ ಕೊಠಡಿಯ ಹಳೆ ಮಾಸ್ಟರ್ ಸಿಲಿಂಡರನ್ನು ನಾನಂತೂ ಒಪ್ಪಲಾರೆ. ಹಿಂದಿನ ಚಕ್ರಗಳಿಗೂ ಹೈಡ್ರಾಲಿಕ್ ಬ್ರೇಕು ಹಾಕಿದ ಕಾರಿನಲ್ಲಿ ಎಲ್ಲಾದರೂ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೆ ಹೋಗುತ್ತದೆ. ರಾಡಿನ ಕಾಲದಲ್ಲಿ ಇಲ್ಲದಿದ್ದ ಅಪಾಯ ಇದು. ಮುಂದಕ್ಕೊಂದು, ಹಿಂದಕ್ಕೊಂದು ಕೊಠಡಿಯಿರುವ ಸಿಲಿಂಡರನ್ನೇ ಹಾಕಬೇಕು, ಕೈಬ್ರೇಕಿನ ರಾಡನ್ನು ಬೇರೆಯಾಗಿಯೇ ಉಳಿಸಿಕೊಳ್ಳಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ವರ್ಷಗಟ್ಟಲೆ ಷೆಡ್ಡಿನಲ್ಲೇ ನಿಲ್ಲುವ ಕಾರಿನಲ್ಲೂ ಅದನ್ನು ಬದಲಿಸುತ್ತಿರಬೇಕು.

ಇಷ್ಟು ಮಾಡಿಯೂ ಟೈರು ಮಾತ್ರ ನಾಲ್ಕೂಮುಕ್ಕಾಲು ಇಂಚಿನ ಕಿರಿದಾದದ್ದೇ. ರಸ್ತೆಯ ಮೇಲೆ ಅದಕ್ಕಿರುವ ಹಿಡಿತವನ್ನು ಮೀರಿ ಯಾವ ಬ್ರೇಕೂ ಕಾರನ್ನು ನಿಲ್ಲಿಸಲಾರದು. ಬ್ರೇಕು ಬಲವಾದಷ್ಟೂ ಆಕ್ಸಲನ್ನು ತಿರುಚುವ ಬಲವೂ ಹೆಚ್ಚು. ಅದನ್ನು ತಡೆಯುವುದು ಆಕ್ಸಲಿನಿಂದ ಹಿಂದಕ್ಕೆ ಚಾಚಿದ ಕವಲು ರಾಡು. ಅದರಲ್ಲಿ ಬಿರುಕಿದ್ದರೆ, ಅದರ ತುದಿಯ ಗುಂಡು ಸವೆದಿದ್ದರೆ ಮೊದಲು ಅದನ್ನು ಸರಿಪಡಿಸಬೇಕು.

ಫೋರ್ಡ್‌ನ ಕೆನಡಾ ಶಾಖೆ 1926ರಲ್ಲೇ ಭಾರತದಲ್ಲಿ ಕಂಪನಿ ತೆರೆದಿದ್ದರಿಂದ ಬಲಬದಿಯ ಸ್ಟಿಯರಿಂಗಿನ ಮಾಡೆಲ್ ಎಗಳು ನಮ್ಮಲ್ಲೂ ಓಡಿದವು. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ, 50 ವರ್ಷ ದಾಟಿ, ಗಣನೀಯ ಬದಲಾವಣೆಯಿಲ್ಲದೆ ಮೂಲರೂಪದಲ್ಲಿ ಉಳಿದಿರುವ ವಾಹನಕ್ಕಷ್ಟೇ ವಿಂಟೇಜ್ ಮಾನ್ಯತೆ. ಆದ್ದರಿಂದ ಇಲ್ಲಿ ಈ ಕೆಲಸಕ್ಕೆ ಕೈಹಾಕುವವರು ಆಕ್ಸಲನ್ನು ಕೊರೆಯದೆ, ಷಾಸಿಗೆ ವೆಲ್ಡಿಂಗ್ ಮುಟ್ಟಿಸದೆ, ಬೋಲ್ಟಿನಲ್ಲೇ ನಿಲ್ಲುವ ಹಾಗೆ ಎಲ್ಲವನ್ನೂ ಕೂರಿಸಬೇಕು. ಬಿಚ್ಚಿದ ರಾಡು, ತೋಳು, ಟೊಳ್ಳು ಕಿಂಗ್‌ಪಿನ್ನುಗಳಿಗೆ ಗ್ರೀಸ್ ಸವರಿ, ಎಡ ಬಲ ಎಂದು ಚೀಟಿ ಕಟ್ಟಿ, ಕಾರಿನ ಕಾಗದಪತ್ರಗಳ ಜೊತೆಗೇ ಮುಂದಿನ ಮಾಲೀಕರಿಗೆ ಒಪ್ಪಿಸಬೇಕು.