ಬೆಚ್ಚನೆಯ ಚಳಿಗಾಲವೂ ಗರಿಕೆಯ ಬಾಯಾರಿಕೆಯೂ

ಸ್ಕಾಟ್ಲೆಂಡ್ ದೇಶದ ಪೂರ್ವ ಕರಾವಳಿಯಲ್ಲಿ ಸೇಂಟ್ ಆಂಡ್ರೂಸ್ ಎಂಬ ಸಣ್ಣ ಪಟ್ಟಣವಿದೆ. ಗಾಲ್ಫ್ ಆಟದ ತವರೂರೆಂದು ಅದು ಲೋಕಪ್ರಸಿದ್ಧವಾಗಿದೆ. ಜನರು ಬಿಲ್ವಿದ್ಯೆಯ ಅಭ್ಯಾಸವನ್ನು ಬಿಟ್ಟು ಈ ಆಟದಲ್ಲಿಯೇ ಕಾಲ ಕಳೆಯುತ್ತಾರೆಂದು ಆ ದೇಶದ ಪಾರ್ಲಿಮೆಂಟು ೧೪೫೭ರಲ್ಲಿಯೇ ಅದನ್ನು ನಿಷೇಧಿಸಿತೆಂದರೆ, ಅದರ ಮೋಹ ಎಷ್ಟು ಹಳೆಯದೆಂಬುದನ್ನು ಊಹಿಸಬಹುದು. ಆದರೆ ಡಿಸೆಂಬರ್ ತಿಂಗಳು ಬಂತೆಂದರೆ ಆ ತವರೂರಿನಲ್ಲಿಯೇ ಆಟ ಕಷ್ಟಸಾಧ್ಯ. ಹಗಲು ಏಳು ಗಂಟೆಗಳಿಗೆ ಕುಗ್ಗುತ್ತದೆ. ನೆಲ ತೇವದಿಂದಲೋ ಹಿಮದಿಂದಲೋ ಗಡ್ಡೆಗಟ್ಟುತ್ತದೆ. ಹುಲ್ಲು ಬೆಳೆಯುವುದನ್ನು ನಿಲ್ಲಿಸುತ್ತದೆ. ಆಗ ಅನುಕೂಲವಂತರಾದ ಆಟಗಾರರು ದಕ್ಷಿಣದ ಬೆಚ್ಚನೆಯ ನಾಡುಗಳನ್ನು ಅರಸಿಕೊಂಡು ಹೊರಡುತ್ತಾರೆ. ಸ್ಪೇನ್, ಪೋರ್ಚುಗಲ್, ಅಮೆರಿಕದ ಫ್ಲಾರಿಡಾ ಇವೆಲ್ಲ ಹೀಗೆ ಹೆಸರಾದ ಸ್ಥಳಗಳು. ನಮ್ಮ ದೇಶಕ್ಕೂ ಈ ಆಟ ಹೊಸದೇನಲ್ಲ. ಕಲ್ಕತ್ತೆಯ ಕ್ಲಬ್ಬು ೧೮೨೯ರಲ್ಲಿಯೂ ಬೆಂಗಳೂರಿನದು ೧೮೭೬ರಲ್ಲಿಯೂ ಸ್ಥಾಪಿತವಾದವು.

ಹೀಗೆ ಹೊರಡುವವನು ಕೇಳುವ ಮೊದಲ ಪ್ರಶ್ನೆ, "ಅಲ್ಲಿ ಬೆಚ್ಚಗಿದೆಯೆ?" ಎಂಬುದು. ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಈ ಪ್ರಶ್ನೆ ಅರ್ಧ ಮಾತ್ರ. ಉಳಿದರ್ಧ ಯಾವುದೆಂಬುದನ್ನು ತಿಳಿಯಲು ನಾವು ಒಂದು ಪರೀಕ್ಷೆಯನ್ನು ಮಾಡಿ ನೋಡೋಣ. ಗಾಲ್ಫ್ ಆಟಕ್ಕೆ ಹೆಸರಾಗಿರದ, ಆದರೆ ಬೆಚ್ಚನೆಯ ಚಳಿಗಾಲಕ್ಕೆ ಯಾವ ನಾಡಿಗೂ ಸೋಲದ ಒಂದು ಪ್ರದೇಶವನ್ನು ತೆಗೆದುಕೊಳ್ಳೋಣ. ವಿಜಾಪುರ ಜಿಲ್ಲೆಯ, ಅಂದರೆ ೨೦೧೪ರಿಂದ ವಿಜಯಪುರವೆನಿಸಿಕೊಂಡಿರುವ ಜಿಲ್ಲೆಯ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳೇ ಆ ಪ್ರದೇಶ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಮರಗಳು ವಿರಳವಾದ ಅಲೆಯಲೆಯಾದ ಬಯಲು. ಈ ಬಯಲು ಚಳಿಗಾಲದ ಆಟಗಾರನಿಗೆ ಏನನ್ನು ಕೊಡಬಲ್ಲುದು, ಏನನ್ನು ಕೊಡಲಾರದು?

ಸೂರ್ಯನ ಕೊಡುಗೆ

ಈ ನಾಲ್ಕು ಊರುಗಳು ಉತ್ತರ ಅಕ್ಷಾಂಶ ೧೬ ಡಿಗ್ರಿಗೂ ಹದಿನೇಳೂವರೆ ಡಿಗ್ರಿಗೂ ನಡುವೆ ಇವೆ. ಡಿಸೆಂಬರ್ ೨೨ರ ಸುಮಾರಿಗೆ, ವರ್ಷದ ಅತ್ಯಂತ ಚಿಕ್ಕ ಹಗಲಿನಂದು ಸಹ, ಇಲ್ಲಿ ಸೂರ್ಯನು ಸುಮಾರು ಹನ್ನೊಂದು ಗಂಟೆಗಳ ಕಾಲ ಕಾಣಿಸಿಕೊಳ್ಳುತ್ತಾನೆ. ಆ ದಿನದ ನಡುಹಗಲಿನಲ್ಲಿ ಅವನು ದಿಗಂತದಿಂದ ಸುಮಾರು ೫೦ ಡಿಗ್ರಿ ಎತ್ತರದಲ್ಲಿರುತ್ತಾನೆ. ಸೇಂಟ್ ಆಂಡ್ರೂಸಿನಲ್ಲಿ ಅದೇ ಹೊತ್ತಿಗೆ ಅವನ ಎತ್ತರ ಕೇವಲ ೧೦ ಡಿಗ್ರಿ. ಓರೆಯಾಗಿ ಬಿದ್ದ ಕಿರಣಗಳು ಹೆಚ್ಚು ನೆಲಕ್ಕೆ ಹಂಚಿಹೋಗುತ್ತವೆ. ಆದುದರಿಂದ ಒಂದು ಚದರ ಮೀಟರು ಸಮತಲದ ನೆಲಕ್ಕೆ ದೊರೆಯುವ ನಡುಹಗಲಿನ ಶಾಖ, ವಾಯುಮಂಡಲದ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ನಮ್ಮ ಬಯಲಿನಲ್ಲಿ ನಾಲ್ಕು ಪಟ್ಟಿಗಿಂತ ಹೆಚ್ಚಾಗುತ್ತದೆ. ಇದರ ಜೊತೆಗೆ ಹಿಮಾಲಯದ ಗೋಡೆಯು ಮಧ್ಯ ಏಷ್ಯದ ಕೊರೆಯುವ ಗಾಳಿಯನ್ನು ತಡೆದು ನಿಲ್ಲಿಸುತ್ತದೆ.

ಇದರ ಫಲವೇನು? ಡಿಸೆಂಬರ್ ಜನವರಿಗಳಲ್ಲಿ ಇಲ್ಲಿಯ ಹಗಲಿನ ಉಷ್ಣತೆ ಸಾಮಾನ್ಯವಾಗಿ ೩೦ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿಯೂ, ಮುಂಜಾವಿನ ಉಷ್ಣತೆ ೧೫ರ ಆಸುಪಾಸಿನಲ್ಲಿಯೂ ಇರುತ್ತದೆ. ಕೆಲವು ಮುಂಜಾವುಗಳಲ್ಲಿ ಅದು ೧೦ರ ಹತ್ತಿರಕ್ಕೂ ಇಳಿಯುವುದುಂಟು. ಬೆಳಗಿನಲ್ಲಿ ಕಂಬಳಿ ಹೊದ್ದು ಹೊಲಕ್ಕೆ ಹೊರಟವನು ನಡುಹಗಲಿಗೆ ನೆರಳನ್ನು ಹುಡುಕುತ್ತಾನೆ. ಒಂದೇ ದಿನದಲ್ಲಿ ಹದಿನೈದು ಡಿಗ್ರಿಗಳ ಈ ಏರಿಳಿತಕ್ಕೆ ಕಾರಣವು ನಿರ್ಮಲವಾದ ಆಕಾಶ. ಹಗಲಿನಲ್ಲಿ ಶಾಖವನ್ನು ತಡೆಯಲು ಮೋಡವಿಲ್ಲ. ರಾತ್ರಿಯಲ್ಲಿ ನೆಲದಿಂದ ಹೊರಹೊಮ್ಮುವ ಶಾಖವನ್ನು ಹಿಡಿದಿಡಲೂ ಮೋಡವಿಲ್ಲ. ಗಾಳಿಯಲ್ಲಿ ನೀರಾವಿಯೂ ಕಡಿಮೆ.

ಚೆಂಡಿಗೂ ಇದರಿಂದ ಲಾಭವುಂಟು. ಗಾಲ್ಫ್ ಚೆಂಡಿನ ತೂಕ ಹೆಚ್ಚೆಂದರೆ ೪೫.೯೩ ಗ್ರಾಂ, ಅಡ್ಡಳತೆ ಕಡಿಮೆಯೆಂದರೆ ೪೨.೬೭ ಮಿಲಿಮೀಟರು. ಇಷ್ಟು ಹಗುರವಾದ ವಸ್ತುವಿನ ಹಾರಾಟವನ್ನು ಗಾಳಿಯ ಸಾಂದ್ರತೆ ಬಹುವಾಗಿ ನಿಯಂತ್ರಿಸುತ್ತದೆ. ಸಮುದ್ರಮಟ್ಟದಿಂದ ೬೦೦ ಮೀಟರು ಎತ್ತರದಲ್ಲಿ, ೩೦ ಡಿಗ್ರಿ ಶಾಖದಲ್ಲಿರುವ ಗಾಳಿಯು, ಸಮುದ್ರತೀರದ ೫ ಡಿಗ್ರಿಯ ಗಾಳಿಗಿಂತ ನೂರಕ್ಕೆ ಸುಮಾರು ೧೫ರಷ್ಟು ತೆಳುವಾಗಿರುತ್ತದೆ. ಅಂಥ ಗಾಳಿಯಲ್ಲಿ ಚೆಂಡಿಗೆ ತಡೆ ಕಡಿಮೆ. ಅದೇ ಹೊಡೆತಕ್ಕೆ ಅದು ತುಸು ಹೆಚ್ಚು ದೂರ ಸಾಗುತ್ತದೆ.

ಇಷ್ಟನ್ನು ಮಾತ್ರ ನೋಡಿದವನು ನಮ್ಮ ಬಯಲಿಗೆ ನೂರಕ್ಕೆ ನೂರು ಅಂಕಗಳನ್ನು ಕೊಟ್ಟುಬಿಡಬಹುದು.

ಮೋಡವಿಲ್ಲದ ಆಕಾಶದ ಬೆಲೆ

ಆದರೆ ಬಿಸಿಲನ್ನು ಕೊಡುವ ಆಕಾಶವೇ ಮಳೆಯನ್ನು ಕೊಡದ ಆಕಾಶವಾಗಿದೆ. ಇವೆರಡೂ ಒಂದೇ ನಾಣ್ಯದ ಎರಡು ಮುಖಗಳು. ನೈಋತ್ಯ ಮಾರುತವು ಹಿಂದೆ ಸರಿದ ಮೇಲೆ ಈ ನಾಡಿನ ಮೇಲೆ ಬೀಸುವುದು ಪೂರ್ವ ಮತ್ತು ಈಶಾನ್ಯದ ಒಣಗಾಳಿ. ಅದು ಬಹುದೂರ ನೆಲದ ಮೇಲೆಯೇ ಸಾಗಿ ಬಂದಿರುತ್ತದೆ. ಇಲ್ಲಿಯ ವಾರ್ಷಿಕ ಮಳೆ ೬೦೦ ಮಿಲಿಮೀಟರಿನ ಆಸುಪಾಸು. ಅದರಲ್ಲಿ ಅತ್ಯಧಿಕ ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಬೀಳುವುದು ನಾಲ್ಕು ಹನಿ ಮಾತ್ರವೆನ್ನಬೇಕು.

ಹಾಗಾದರೆ ಚಳಿಗಾಲದಲ್ಲಿ ಈ ಬಯಲು ಬೋಳಾಗಿರುತ್ತದೆಯೆ? ಎಳ್ಳಮಾವಾಸ್ಯೆಯ ದಿನ ಇಂಡಿಯಿಂದ ಸಿಂದಗಿಯ ಕಡೆಗೆ ಹೋದವರು ಬೇರೊಂದು ನೋಟವನ್ನೇ ಕಾಣುತ್ತಾರೆ. ಆಳೆತ್ತರದ ಬಿಳಿಜೋಳ, ನಡುನಡುವೆ ಕಡಲೆ, ಕುಸುಬೆ. ಮನೆಮಂದಿಯೆಲ್ಲ ಹೊಲಕ್ಕೆ ಬಂದು ಚರಗ ಚೆಲ್ಲಿ, ಭೂಮಿತಾಯಿಗೆ ಎಡೆಯಿಟ್ಟು, ಬುತ್ತಿ ಬಿಚ್ಚಿ ಉಣ್ಣುತ್ತಿರುತ್ತಾರೆ. ಮಳೆಯಿಲ್ಲದ ಕಾಲದಲ್ಲಿ ಈ ಹಸುರು ಹೇಗೆ ಬಂತು?

ಉತ್ತರವು ಕಾಲಕೆಳಗಿನ ಎರೆಮಣ್ಣಿನಲ್ಲಿದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಕ್ಷಿಣ ಪ್ರಸ್ಥಭೂಮಿಯ ಮೇಲೆ ಹರಿದು ಹರಡಿದ ಲಾವಾರಸವು ಗಟ್ಟಿಯಾಗಿ ಕಪ್ಪುಶಿಲೆಯಾಯಿತು. ಅದು ಶಿಥಿಲವಾಗಿ ಈ ಮಣ್ಣಾಯಿತು. ಇದರಲ್ಲಿರುವ ಜೇಡಿಯ ಕಣಗಳು ಅತಿ ಸೂಕ್ಷ್ಮವಾದ ಪದರಗಳಿಂದಾಗಿವೆ. ಪದರಗಳ ನಡುವೆ ನೀರು ನುಗ್ಗಿದಾಗ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಒಂದು ಮೀಟರು ಆಳದ ಒಳ್ಳೆಯ ಎರೆಯು ೧೫೦ರಿಂದ ೨೦೦ ಮಿಲಿಮೀಟರು ಮಳೆಗೆ ಸಮನಾದ ನೀರನ್ನು ಬೆಳೆಗಾಗಿ ಕೂಡಿಟ್ಟುಕೊಳ್ಳಬಲ್ಲದು. ಹಿಂಗಾರಿ ಜೋಳವು ಈ ಠೇವಣಿಯ ಮೇಲೆಯೇ ಬದುಕುತ್ತದೆ. ಅದರ ಬೇರು ಮೇಲ್ಪದರ ಒಣಗಿದಂತೆಲ್ಲ ಕೆಳಕ್ಕೆ ಇಳಿಯುತ್ತ ಒಂದು ಮೀಟರಿಗಿಂತಲೂ ಆಳಕ್ಕೆ ಹೋಗುತ್ತದೆ. ರೈತನು ಸಾಲುಗಳ ನಡುವೆ ಎಡೆ ಹೊಡೆದು, ಬಿರುಕುಗಳನ್ನು ಪುಡಿಮಣ್ಣಿನಿಂದ ಮುಚ್ಚಿ, ಆವಿಯಾಗಿ ಹೋಗುವ ತೇವವನ್ನು ಉಳಿಸುತ್ತಾನೆ. ೧೯೩೦ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ, ರಾಯಚೂರು ಮೊದಲಾದ ಕಡೆಗಳಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾದಾಗ ವಿಜ್ಞಾನಿಗಳು ಅಳೆದು ನೋಡಿದ್ದು ಈ ತೇವದ ಜಮಾಖರ್ಚನ್ನೇ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬರ್ಥದ ಮಾತು ಈ ಸೀಮೆಯಲ್ಲಿ ಹುಟ್ಟಿದ್ದು ಸುಮ್ಮನಲ್ಲ.

ದೇವರ ಪತ್ರೆ, ಹೊಲದ ಕಳೆ, ಆಟದ ಹಾಸು

ಜೋಳಕ್ಕೆ ಸಾಧ್ಯವಾದುದು ಆಟದ ಹುಲ್ಲಿಗೆ ಏಕೆ ಸಾಧ್ಯವಾಗಬಾರದು? ನಮ್ಮ ಲೇಖನದ ತಿರುಳು ಈ ಪ್ರಶ್ನೆಯಲ್ಲಿದೆ.

ಉಷ್ಣದೇಶಗಳ ಗಾಲ್ಫ್ ಮೈದಾನಗಳಲ್ಲಿ ಬಹಳವಾಗಿ ಬಳಸುವ ಹುಲ್ಲಿಗೆ ಪಾಶ್ಚಾತ್ಯರು ಬರ್ಮುಡಾ ಹುಲ್ಲು ಎಂದು ಹೆಸರಿಟ್ಟಿದ್ದಾರೆ. ಹೆಸರನ್ನು ಕೇಳಿ ವಾಚಕರು ಬೆರಗಾಗಬೇಕಾಗಿಲ್ಲ. ಅದು ನಾವು ಗಣಪತಿಗೆ ಏರಿಸುವ ಗರಿಕೆಯೇ. ವಿಜಾಪುರದ ಕಡೆಯ ರೈತರು ಕರಕಿ ಎನ್ನುವ ಹುಲ್ಲು. ಗರಿಕೆ, ಜೋಳ, ಕಬ್ಬು ಈ ಮೂರೂ ಒಂದೇ ವಿಧದ ಪಾಕಶಾಲೆಯುಳ್ಳ ಸಸ್ಯಗಳು. ಇಂಗಾಲಾಮ್ಲವನ್ನು ಮೊದಲು ನಾಲ್ಕು ಇಂಗಾಲದ ಪರಮಾಣುಗಳುಳ್ಳ ಒಂದು ಆಮ್ಲದಲ್ಲಿ ಹಿಡಿದಿಟ್ಟು, ಬಳಿಕ ಅದರಿಂದ ಸಕ್ಕರೆಯನ್ನು ಮಾಡುತ್ತವೆ. ೧೯೬೬ರಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು ವಿವರಿಸಿದ ಈ ಮಾರ್ಗಕ್ಕೆ ಸಿ-೪ ಎಂದು ಹೆಸರು. ಬಿಸಿಲು ಹೆಚ್ಚಿದಷ್ಟೂ ಇಂಥ ಸಸ್ಯಗಳು ಹುರುಪಿನಿಂದ ಬೆಳೆಯುತ್ತವೆ. ನೆಲದ ಉಷ್ಣತೆ ೧೦ ಡಿಗ್ರಿಗಿಂತ ಕೆಳಗಿಳಿದರೆ ಗರಿಕೆ ಕಂದಾಗಿ ನಿದ್ರಿಸುತ್ತದೆ. ಉತ್ತರ ಭಾರತದ ಚಳಿಗಾಲದಲ್ಲಿ ಅದು ಕಂದಾಗುವುದು ಚಳಿಯಿಂದ. ನಮ್ಮ ಬಯಲಿನಲ್ಲಿ ಅಂಥ ಚಳಿಯಿಲ್ಲ; ಇಲ್ಲಿ ಅದು ಕಂದಾಗುವುದು ಬಾಯಾರಿಕೆಯಿಂದ.

ಆದರೂ ಎರೆಭೂಮಿಯ ರೈತನಿಗೆ ಕರಕಿಯೆಂದರೆ ದುಃಸ್ವಪ್ನ. ಅದರ ಬೇರುಗಳು ಆಳಕ್ಕಿಳಿದು, ಎಷ್ಟು ಉತ್ತರೂ ಅಗೆದರೂ ಮತ್ತೆ ಚಿಗುರುತ್ತವೆ. ಹೊಲದಲ್ಲಿ ಕೊಲ್ಲಲಾಗದ ಈ ಹುಲ್ಲು ಮೈದಾನದಲ್ಲಿ ನೀರಿಲ್ಲದೆ ಏಕೆ ಸೊರಗುತ್ತದೆ? ಕಾರಣವು ಕತ್ತರಿಯಲ್ಲಿದೆ. ಚೆಂಡನ್ನು ಕುಳಿಗೆ ಉರುಳಿಸುವ ಜಾಗದಲ್ಲಿ ಹುಲ್ಲನ್ನು ಮೂರರಿಂದ ಐದು ಮಿಲಿಮೀಟರು ಎತ್ತರಕ್ಕೆ ಕತ್ತರಿಸುತ್ತಾರೆ. ಎಲೆಯು ಸಸ್ಯದ ಅಡಿಗೆಮನೆ. ಎಲೆಯನ್ನು ನಿತ್ಯವೂ ಕೊಯ್ದರೆ ಬೇರಿಗೆ ಆಹಾರ ಸಾಲದೆ ಅದು ಮೇಲ್ಪದರದಲ್ಲಿಯೇ ಮೊಟಕಾಗಿ ನಿಲ್ಲುತ್ತದೆ. ಆಟಗಾರರ ತುಳಿತದಿಂದ ಮಣ್ಣು ಬಿಗಿದು ಬೇರಿನ ದಾರಿ ಇನ್ನಷ್ಟು ಕಷ್ಟವಾಗುತ್ತದೆ. ಕೆಳಗೆ ಒಂದು ಮೀಟರು ಆಳದ ನೀರಿನ ಕಣಜವಿದ್ದರೂ, ಮೊಟಕು ಬೇರಿನ ಹುಲ್ಲಿಗೆ ಅದರ ಬಾಗಿಲೇ ತೆರೆಯದು. ಅದಕ್ಕೆ ಮೇಲಿನಿಂದಲೇ ನೀರುಣಿಸಬೇಕು. ಸಿಂಪಡಿಸದೆ ಬಿಟ್ಟರೆ ಹುಲ್ಲು ಒಣಗುವುದಷ್ಟೇ ಅಲ್ಲ, ಎರೆ ಬಿರಿದು ಚೆಂಡನ್ನೇ ನುಂಗೀತು.

ನೀರಿನ ಲೆಕ್ಕ

ಎಷ್ಟು ನೀರು? ಲೆಕ್ಕವು ಸುಲಭವಾಗಿದೆ. ಒಂದು ಹೆಕ್ಟೇರು ನೆಲದ ಮೇಲೆ ಒಂದು ಮಿಲಿಮೀಟರು ನೀರು ನಿಂತರೆ ಅದು ಹತ್ತು ಸಾವಿರ ಲೀಟರು. ಒಣಗಾಳಿಯ ಬಿಸಿಲಿನಲ್ಲಿ ಹಸುರು ಹಾಸು ದಿನಕ್ಕೆ ಸುಮಾರು ೪ ಮಿಲಿಮೀಟರು ನೀರನ್ನು ಆವಿಯಾಗಿ ಬಿಡುತ್ತದೆಂದು ಇಟ್ಟುಕೊಳ್ಳೋಣ. ಹದಿನೆಂಟು ಕುಳಿಗಳ ಪೂರ್ಣ ಮೈದಾನದಲ್ಲಿ ೩೦ ಹೆಕ್ಟೇರಿಗೆ ನೀರು ಹಾಯಿಸುವುದಾದರೆ ದಿನಕ್ಕೆ ೧೨ ಲಕ್ಷ ಲೀಟರು ಬೇಕು. ಚಳಿಗಾಲದ ೯೦ ದಿನಗಳಿಗೆ ೧೦ ಕೋಟಿ ೮೦ ಲಕ್ಷ ಲೀಟರು. ಗ್ರಾಮೀಣ ಮನೆಗಳಿಗೆ ನಲ್ಲಿನೀರು ಒದಗಿಸುವ ಜಲಜೀವನ ಯೋಜನೆಯು ತಲೆಗೆ ದಿನಕ್ಕೆ ೫೫ ಲೀಟರನ್ನು ಗುರಿಯಾಗಿಟ್ಟುಕೊಂಡಿದೆ. ಆ ಅಳತೆಯಲ್ಲಿ ನಮ್ಮ ಕಾಲ್ಪನಿಕ ಮೈದಾನವು ಇಪ್ಪತ್ತೊಂದು ಸಾವಿರಕ್ಕೂ ಮಿಕ್ಕಿ ಜನರ ಪಾಲಿನ ನೀರನ್ನು ಕುಡಿಯುತ್ತದೆ.

ಆ ನೀರು ಎಲ್ಲಿಂದ ಬರಬೇಕು? ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿಗೆ ೧೯೬೪ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. ಅಲ್ಲಿ ನೀರು ನಿಲ್ಲುವ ಪೂರ್ಣಮಟ್ಟ ೫೧೯.೬೦ ಮೀಟರು. ಅದನ್ನು ೫೨೪.೨೫೬ ಮೀಟರಿಗೆ ಏರಿಸಲು ೨೦೧೦ರಲ್ಲಿ ನ್ಯಾಯಮಂಡಳಿಯು ಅವಕಾಶವಿತ್ತಿತು. ನೆರೆಯ ರಾಜ್ಯಗಳು ತಕರಾರು ತೆಗೆದುದರಿಂದ ವಿಷಯವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಈ ಜಲಾಶಯಕ್ಕಾಗಿ ಎಷ್ಟೋ ಹಳ್ಳಿಗಳು ಮನೆ, ಗುಡಿ, ಹೊಲಗಳನ್ನು ಬಿಟ್ಟುಕೊಟ್ಟು ಎತ್ತರದ ನೆಲಕ್ಕೆ ಸರಿದವು. ಅಲ್ಲಿಂದ ನೀರನ್ನು ಯಂತ್ರಗಳಿಂದ ಮೇಲೆತ್ತಿ ಕಾಲುವೆಗಳಿಗೆ ಹಾಯಿಸಬೇಕಾಗಿದೆ. ಇಂಡಿಯ ಲಿಂಬೆಯ ತೋಟಗಳೂ, ಕಬ್ಬಿನ ಗದ್ದೆಗಳೂ, ಪಟ್ಟಣಗಳ ನಲ್ಲಿಗಳೂ ಈಗಾಗಲೇ ನೀರಿಗೆ ಕೈಚಾಚಿ ನಿಂತಿವೆ. ಈ ಸಾಲಿನಲ್ಲಿ ಆಟದ ಹಾಸನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಉಷ್ಣಮಾಪಕವು ಹೇಳಲಾರದು.

ಜಾಣತನದ ಆಯ್ಕೆ

ಹಾಗೆಂದು ಒಣನಾಡುಗಳಲ್ಲಿ ಆಟವೇ ಸಲ್ಲದೆಂದು ನಾವು ಹೇಳುವುದಿಲ್ಲ. ನೀರು ದುರ್ಲಭವಾದ ಎಷ್ಟೋ ಕಡೆಗಳಲ್ಲಿ ಕುಳಿಯ ಸುತ್ತ ಹುಲ್ಲಿನ ಬದಲು ಎಣ್ಣೆ ಬೆರೆಸಿದ ಮರಳನ್ನು ಸಮನಾಗಿ ಹಾಸಿ ಆಡಿದ್ದುಂಟು. ಹಸುರಿನ ಬದಲು ಕಂದು, ಆಟಕ್ಕೆ ಕೊರತೆಯಿಲ್ಲ. ಇಲ್ಲವೆ ಆಟ ಆರಂಭವಾಗುವ ಕಟ್ಟೆಗಳಿಗೂ ಕುಳಿಯ ಸುತ್ತಣ ಜಾಗಕ್ಕೂ ಮಾತ್ರ ನೀರುಣಿಸಿ, ಉಳಿದ ನೆಲವನ್ನು ಋತುವಿನ ಬಣ್ಣಕ್ಕೆ ಬಿಡಬಹುದು. ಆಗ ೩೦ ಹೆಕ್ಟೇರಿನ ಬದಲು ಎರಡು ಹೆಕ್ಟೇರು, ೧೨ ಲಕ್ಷ ಲೀಟರಿನ ಬದಲು ೮೦ ಸಾವಿರ ಲೀಟರು ಸಾಕು. ಅದಕ್ಕೂ ಪಟ್ಟಣದ ಬಚ್ಚಲ ನೀರನ್ನು ಶುದ್ಧಿಮಾಡಿ ಬಳಸಿದರೆ ಯಾರ ಕೊಡವೂ ಬರಿದಾಗದು.

ಆದುದರಿಂದ ಚಳಿಗಾಲದ ತಾಣವನ್ನು ಆರಿಸುವವನು ಒಂದರ ಬದಲು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಅಲ್ಲಿ ಹಗಲು ಎಷ್ಟು ಗಂಟೆಗಳದು? ಹಗಲಿರುಳುಗಳ ಉಷ್ಣತೆ ಎಷ್ಟು? ಕಾಲಕೆಳಗಿನ ಮಣ್ಣು ಯಾವುದು? ಮಳೆಯಿಲ್ಲದ ತಿಂಗಳಲ್ಲಿ ಅಲ್ಲಿಯ ಹಸುರು ಯಾರ ನೀರನ್ನು ಕುಡಿದು ನಿಂತಿದೆ? ಮೊದಲ ಮೂರಕ್ಕೆ ಪಂಚಾಂಗವೂ ಹವಾಮಾನದ ಪಟ್ಟಿಯೂ ಭೂಪಟವೂ ಉತ್ತರ ಹೇಳುತ್ತವೆ. ನಾಲ್ಕನೆಯದಕ್ಕೆ ಅಲ್ಲಿ ಬಾಳುವ ಜನರನ್ನೇ ಕೇಳಬೇಕು.

ಆಲಮಟ್ಟಿಯ ಹಿನ್ನೀರಿಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬಂದಿಳಿಯುತ್ತವೆ. ಅವೂ ಬೆಚ್ಚನೆಯ ತಾಣವನ್ನು ಅರಸಿ ಬಂದ ಅತಿಥಿಗಳೇ. ಅವು ಬೇಡುವುದು ಇದ್ದ ನೀರನ್ನು, ಇದ್ದ ಬಯಲನ್ನು. ಜೋಳವೂ ಹಾಗೆಯೇ, ಸೆಪ್ಟೆಂಬರಿನ ಮಳೆಯನ್ನು ಫೆಬ್ರವರಿಯವರೆಗೆ ಹಂಚಿಕೊಂಡು ಉಣ್ಣುತ್ತದೆ. ಈ ಸೀಮೆಯ ಚಳಿಗಾಲವನ್ನು ಸವಿಯಬೇಕೆಂದು ಬರುವವರು ಮುಂಜಾವಿನ ಎಳೆಬಿಸಿಲಿನಲ್ಲಿ ಹೊಲದ ಬದುವಿನ ಮೇಲೆ ನಡೆಯಲಿ, ಕುಳ್ಳಿನ ಕೆಂಡದಲ್ಲಿ ಸುಟ್ಟು ಉಜ್ಜಿದ ಬಿಸಿಬಿಸಿ ಸೀತನಿಯನ್ನು ಮೆಲ್ಲಲಿ. ಬಳಿಕ ಆಟಕ್ಕೆ ನೆಲವನ್ನು ಹುಡುಕುವುದಾದರೆ, ಗರಿಕೆಯ ಬಾಯಾರಿಕೆಯನ್ನು ಅಳೆದುಕೊಂಡೇ ಹುಡುಕಲಿ.